ಏಳಬೇಡಿ, ಇನ್ನು ಆರೇ ಓವರ್

ಮದುವೆಯಾಗಿ ಜೆಪ್ಪುವಿನ ಆ ಮನೆಗೆ ಹೋದ ಐದನೆಯ ಸಂಜೆ ನಾನು ಚಾವಡಿಗೆ, ಅಂದರೆ ನಡುಮನೆಗೆ, ಚಹಾ ತೆಗೆದುಕೊಂಡು ಹೋದೆ. ಟಿವಿಯ ಮುಂದೆ ಮೂವರು ಗಂಡಸರಿದ್ದರು: ನನ್ನ ಗಂಡ, ಅವನ ತಮ್ಮ, ಮತ್ತು ಅವರಿಬ್ಬರ ಅಪ್ಪ, ಅಂದರೆ ನನ್ನ ಮಾವ. ಅತ್ತೆ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ನನ್ನ ಕಾಲು ಹೊಸಿಲು ದಾಟುವುದಕ್ಕೂ ಟಿವಿಯಲ್ಲಿ ಸ್ಟಂಪು ಹಾರುವುದಕ್ಕೂ ಸರಿಹೋಯಿತು. ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡ. ಮೈದುನ ಕುಶನ್ ಎತ್ತಿ ನೆಲಕ್ಕೆ ಬಡಿದ. ಮಾವ ಮಾತ್ರ ನನ್ನ ಕಡೆ ತಿರುಗಿ ನಕ್ಕರು.

"ನೋಡಿ, ಹೊಸ ಮದುಮಗಳ ಕಾಲ್ಗುಣ!"

ನಾನೂ ನಕ್ಕೆ. ಐದು ದಿನದ ಸೊಸೆ ಬೇರೇನು ಮಾಡಿಯಾಳು? ಹತ್ತು ನಿಮಿಷದ ಮೇಲೆ ಖಾಲಿ ಲೋಟ ತೆಗೆಯಲು ಮತ್ತೆ ಹೋದೆ. ಆಗ ಇನ್ನೊಬ್ಬ ಔಟಾದ. ಈ ಸಲ ಯಾರೂ ನಗಲಿಲ್ಲ. ಮೈದುನ ಅಣ್ಣನ ಮುಖ ನೋಡಿದ. ಗಂಡ ನನ್ನ ಮುಖ ನೋಡದೆ ಹೇಳಿದ: "ನೀನು ಅಡಿಗೆಮನೆಯಲ್ಲೇ ಇರು. ಮ್ಯಾಚ್ ಮುಗಿದ ಮೇಲೆ ಬಂದರೆ ಸಾಕು."

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನೆಲ್ಲ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತರುವಾಗ ಬೈಗಳು ಸ್ವಲ್ಪ ಮೆತ್ತಗಾಗುತ್ತವೆ, ಓದುವವರು ಅಷ್ಟು ಸೇರಿಸಿಕೊಳ್ಳಬೇಕು.

ಒಂದು ಸಂಜೆಯ ತಮಾಷೆ ಎಂದುಕೊಂಡಿದ್ದು ಮನೆಯ ಕಟ್ಟಳೆಯಾಗಲು ತಿಂಗಳೂ ಹಿಡಿಯಲಿಲ್ಲ. ಬೇಸಿಗೆಯ ಲೀಗ್ ಪಂದ್ಯಗಳು ಶುರುವಾಗಿದ್ದವು, ದಿನವೂ ಒಂದು, ಕೆಲವು ದಿನ ಎರಡು. ಅದು ಮುಗಿದರೆ ದೇಶದ ತಂಡದ ಪ್ರವಾಸ, ಅದೂ ಇಲ್ಲದಾಗ ಕಬಡ್ಡಿ, ಕಬಡ್ಡಿಯೂ ಇಲ್ಲದಿದ್ದರೆ ಎಲ್ಲಿಯದೋ ಫುಟ್‌ಬಾಲ್. ನನ್ನ ಗಂಡನಿಗೆ ಪಣಂಬೂರಿನಲ್ಲಿ, ಬಂದರಿಗೆ ಬರುವ ಲಾರಿಗಳ ಕಾಗದಪತ್ರ ನೋಡುವ ಆಫೀಸಿನಲ್ಲಿ ಕೆಲಸ. ಪಂದ್ಯ ನೋಡಿಕೊಂಡು ಶಿಫ್ಟ್ ಬದಲಿಸುತ್ತಿದ್ದ. ಮೈದುನ ತೊಕ್ಕೊಟ್ಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಟಾಸ್ ಆಗುವ ಮೊದಲೇ ಶಟರ್ ಎಳೆದು, ಸೇತುವೆ ದಾಟಿ, ಬೈಕಿನ ಬಿಸಿ ಆರುವ ಮುಂಚೆ ಸೋಫಾದಲ್ಲಿರುತ್ತಿದ್ದ. ಇಬ್ಬರೂ ಕುಡಿಯುವವರಲ್ಲ, ಜೂಜಾಡುವವರೂ ಅಲ್ಲ. ಮದುವೆಗೆ ಮೊದಲು ನನ್ನ ತಾಯಿ ವಿಚಾರಿಸಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಹುಡುಗರು ಚಿನ್ನದಂಥವರು, ಹೊರಗೆ ತಿರುಗುವವರೇ ಅಲ್ಲ." ನಿಜ. ಅವರು ಎಲ್ಲಿಗೂ ತಿರುಗುತ್ತಿರಲಿಲ್ಲ.

ಆ ಮನೆ ಕಟ್ಟಿದ ರೀತಿಯೂ ನನಗೆ ಶತ್ರುವಾಗಿತ್ತು. ನಡುವೆ ಚಾವಡಿ, ಅದರ ಎಡಕ್ಕೆ ಎರಡು ಮಲಗುವ ಕೋಣೆ, ಬಲಕ್ಕೆ ಬಾತ್‌ರೂಮ್, ಹಿಂದೆ ಅಡಿಗೆಮನೆ. ಚಾವಡಿ ದಾಟದೆ ನನ್ನ ಮಂಚಕ್ಕೂ ಹೋಗುವಂತಿರಲಿಲ್ಲ. ಪಂದ್ಯವಿದ್ದಾಗ ನಾನು ಅಡಿಗೆಮನೆಯಲ್ಲಿ, ತೆಂಗಿನಕಾಯಿ ತುರಿಯುವ ಮಣೆಯ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದೆ. ಸ್ನಾನಕ್ಕೆ ಅಂಗಳದಾಚೆಯ ಹಳೆಯ ಬಚ್ಚಲು, ಸೌದೆ ತುಂಬಿಟ್ಟದ್ದು. ನಾನು ಲ್ಯಾಬಿನ ಕೆಲಸದಿಂದ ಬರುವಾಗ ಪಂದ್ಯ ನಡೆಯುತ್ತಿದ್ದರೆ ಗಂಡನ ಮೆಸೇಜ್ ಬರುತ್ತಿತ್ತು: "ಈಗ ಬರ್ಬೇಡ. ಇಬ್ಬರು ಸೆಟ್ ಆಗಿದ್ದಾರೆ." ಎದುರು ಮನೆಯ ಬಾಯಮ್ಮ, ಒಬ್ಬರೇ ಇರುವ ಕ್ರಿಶ್ಚಿಯನ್ ಮುದುಕಿ, ತಮ್ಮ ಜಗಲಿಯಲ್ಲಿ ನನಗೆ ಕುರ್ಚಿ ಹಾಕಿಕೊಡುತ್ತಿದ್ದರು. ಮೊದಮೊದಲು ಕೇಳಿದರು: "ಎಂತ ಮಾರಾಯ್ತಿ, ಕೀ ಇಲ್ವಾ?" ಆಮೇಲೆ ಕೇಳುವುದನ್ನು ಬಿಟ್ಟರು. ಕೇಳದೆ ಕುರ್ಚಿ ಹಾಕಿದ ದಿನ ನನಗೆ ಹೆಚ್ಚು ಅವಮಾನವಾಯಿತು.

ಒಂದು ಶನಿವಾರ ನನ್ನ ತಾಯಿ ತೊಕ್ಕೊಟ್ಟಿನ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಪಕ್ಕದವರು ಫೋನ್ ಮಾಡಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ, ಹೊಸಿಲಿನ ಈಚೆ ನಿಂತು ಗಂಡನಿಗೆ ಹೇಳಿದೆ. ಅವನು ಬೆರಳೆತ್ತಿ ತಡೆದ, ನನ್ನನ್ನಲ್ಲ, ನನ್ನ ಮಾತನ್ನು.

"ಈ ಓವರ್ ಮುಗೀಲಿ."

ಓವರ್ ಮುಗಿಯಿತು. ಮುಂದಿನದು ಶುರುವಾಯಿತು. ನನ್ನ ಪರ್ಸು ಮಲಗುವ ಕೋಣೆಯಲ್ಲಿತ್ತು. ತಂದುಕೊಡಿ ಎಂದು ಕೇಳಿದೆ. ಮೈದುನ ಕೂತಲ್ಲಿಂದಲೇ ಜೇಬಿಗೆ ಕೈ ಹಾಕಿ ಬಸ್ಸಿಗಾಗುವಷ್ಟು ಚಿಲ್ಲರೆಯನ್ನು ನೆಲದ ಮೇಲೆ ನನ್ನತ್ತ ಜಾರಿಸಿದ. ಒಂದು ನಾಣ್ಯ ಅರ್ಧಕ್ಕೇ ನಿಂತಿತು. ಅದನ್ನು ಎತ್ತಿಕೊಳ್ಳಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಮೂವರೂ ಒಟ್ಟಿಗೆ ಕೂಗಿದರು. ನಾಣ್ಯ ಅಲ್ಲೇ ಬಿಟ್ಟೆ. ಆಸ್ಪತ್ರೆಯಲ್ಲಿ ತಾಯಿ, ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ನನ್ನ ಬೆನ್ನ ಹಿಂದೆ ನೋಡಿದರು.

"ಅಳಿಯ ಬರ್ಲಿಲ್ವಾ?"

"ಡ್ಯೂಟಿ ಉಂಟು ಅಮ್ಮ."

"ಪಾಪ" ಎಂದರು ತಾಯಿ. ಅವನಿಗಾಗಿ.

ಈ ಎಲ್ಲದಕ್ಕೂ ನಾನು ಗಂಡನನ್ನು ದ್ವೇಷಿಸಬೇಕಿತ್ತು. ಆದರೆ ನಾನು ದ್ವೇಷಿಸಿದ್ದು ಮಾವನನ್ನು. ಆ ಮೊದಲ ಮಾತು ಹೇಳಿದವರು ಅವರು. ಗಂಡನೂ ಮೈದುನನೂ ಪೆದ್ದರು ಎಂದು ನನಗೆ ಬೇಗ ಗೊತ್ತಾಗಿತ್ತು, ಪೆದ್ದರ ಮೇಲೆ ದ್ವೇಷ ಹೆಚ್ಚು ದಿನ ನಿಲ್ಲುವುದಿಲ್ಲ. ಮಾವ ಪೆದ್ದರಾಗಿರಲಿಲ್ಲ. ನಲವತ್ತು ವರ್ಷ ಕಡಲಿಗೆ ಹೋದವರು, ಸ್ವಂತ ಬೋಟ್ ಇದ್ದವರು. ಬೋಟುಗಳು ನಿಲ್ಲುವ ದಕ್ಕೆಗೆ ಅವರ ಬೋಟ್ ಬಂತೆಂದರೆ ಮೀನಿನ ಏಲಂ ಮಾಡುವವರು ಎದ್ದು ನಿಲ್ಲುತ್ತಿದ್ದರಂತೆ. ಮೊಣಕಾಲು ಹೋದ ಮೇಲೆ ಬೋಟ್ ಮಾರಿದರು. ಆಮೇಲೆ ಆ ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಒಂದು ವಿಷಯದ ಹೊರತು.

ಆ ವಿಷಯ ಹೀಗೆ ಶುರುವಾಯಿತು. ನಾನು ಬಂದ ಎರಡನೆಯ ವರ್ಷ, ಸೋತೇ ಹೋಯಿತು ಎಂದುಕೊಂಡ ಒಂದು ಪಂದ್ಯದಲ್ಲಿ ಮಾವ ಬೆತ್ತದ ಈಸಿಚೇರಿನಿಂದ ಎದ್ದು, ಕಿಟಕಿಯ ಬಳಿಯ ಮರದ ಕುರ್ಚಿಗೆ ಹೋಗಿ ಕೂತರು. ಅಲ್ಲಿಂದ ತಂಡ ಚೇತರಿಸಿಕೊಂಡು ಕೊನೆಯ ಚೆಂಡಿನಲ್ಲಿ ಗೆದ್ದಿತು. ಮಕ್ಕಳಿಬ್ಬರೂ ಅಪ್ಪನನ್ನು ತಬ್ಬಿಕೊಂಡರು. ಬಹುಶಃ ದೊಡ್ಡವರಾದ ಮೇಲೆ ಮೊದಲ ಸಲ. ಅಂದಿನಿಂದ ಪಂದ್ಯವೆಂದರೆ ಮಾವ ಆ ಕುರ್ಚಿಯಲ್ಲಿ. "ಅಪ್ಪ, ಬನ್ನಿ, ನಿಮ್ಮ ಜಾಗಕ್ಕೆ" ಎಂದು ಕೈ ಹಿಡಿದು ಕರೆದೊಯ್ಯುವರು. ಮುದುಕರಿಗೆ ಎಂಥ ಗತ್ತು ಬಂತು! ಶರ್ಟಿನ ಕಾಲರ್ ಸರಿಮಾಡಿಕೊಂಡು ಹೋಗಿ ಕೂರುತ್ತಿದ್ದರು. ಗೆದ್ದರೆ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಾಯಮ್ಮನಿಗೂ ಕೇಳುವಂತೆ ಹೇಳುವರು: "ನಾನು ಕೂತದ್ದಕ್ಕೆ ಆಯ್ತು. ಇಲ್ಲದಿದ್ರೆ ಉಂಟಾ!"

ಒಂದೇ ಮನೆಯಲ್ಲಿ ಅವರು ಅದೃಷ್ಟ, ನಾನು ದರಿದ್ರ. ಅಡಿಗೆಮನೆಯ ಪರದೆಯ ಸಂದಿಯಿಂದ ನಾನು ಅವರ ಬೆನ್ನು ನೋಡುತ್ತಿದ್ದೆ. ಕೆಲವೊಮ್ಮೆ ತಿರುಗಿ ನನ್ನತ್ತ ಕೈ ಬೀಸುವರು, ಕೋಳಿಯನ್ನು ಅಟ್ಟುವ ಹಾಗೆ.

ಆಮೇಲೆ ಅವರಿಗೆ ಮೂತ್ರದ ತೊಂದರೆ ಶುರುವಾಯಿತು.

ನಾನು ಕಂಕನಾಡಿಯ ಕಡೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಜನರ ರಕ್ತ, ಮೂತ್ರ ನೋಡುವುದೇ ನನ್ನ ಕೆಲಸ. ಅರ್ಧ ಗಂಟೆಗೊಮ್ಮೆ ಏಳುವ, ಬಾತ್‌ರೂಮಿನಲ್ಲಿ ಬಹಳ ಹೊತ್ತು ನಿಲ್ಲುವ, ಹೊರಗೆ ಬಂದ ಮೇಲೂ ನೆಮ್ಮದಿಯಿಲ್ಲದ ಎಪ್ಪತ್ತೆರಡು ವರ್ಷದ ಗಂಡಸಿಗೆ ಏನಾಗಿದೆ ಎಂದು ತಿಳಿಯಲು ನನಗೆ ಡಾಕ್ಟರು ಬೇಕಿರಲಿಲ್ಲ. "ಮಾವನಿಗೆ ಪ್ರಾಸ್ಟೇಟ್ ತೊಂದರೆ ಇರಬೇಕು, ತೋರಿಸಿ" ಎಂಬ ಒಂದು ವಾಕ್ಯ ಸಾಕಿತ್ತು. ಲ್ಯಾಬಿಗೆ ಬರುವ ಗುರುತಿಲ್ಲದ ಮುದುಕರಿಗೆ ಅದೇ ವಾಕ್ಯವನ್ನು ನಾನು ದಿನಕ್ಕೆ ಎರಡು ಸಲ ಹೇಳುತ್ತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಮರೆತದ್ದಲ್ಲ. ಪ್ರತಿ ದಿನ ನೆನಪಾಗುತ್ತಿತ್ತು, ಪ್ರತಿ ದಿನ ಹೇಳದೆ ಇದ್ದೆ.

ಮೊಣಕಾಲಿನ ದೆಸೆಯಿಂದ ಆ ಮರದ ಕುರ್ಚಿಯಿಂದ ಏಳಲು ಮಾವನಿಗೆ ಒಬ್ಬರ ಕೈ ಬೇಕಿತ್ತು. ಮೊದಲಾದರೆ ಓವರುಗಳ ನಡುವೆ ಮೈದುನ ಎಬ್ಬಿಸುತ್ತಿದ್ದ. ಒಂದು ಸಲ ಎಬ್ಬಿಸಿದಾಗ ವಿಕೆಟ್ ಬಿತ್ತು. ಮುಂದಿನ ಸಲದಿಂದ ಮಾತು ಶುರುವಾಯಿತು.

"ಅಪ್ಪ, ಏಳ್ಬೇಡಿ. ಇನ್ನು ಎರಡೇ ಓವರ್."

"ಆಗುದಿಲ್ಲ ಮಗ, ಅರ್ಜೆಂಟ್ ಉಂಟು."

"ಈಗಷ್ಟೆ ಹೋಗಿ ಬಂದದ್ದಲ್ವಾ? ಮನಸ್ಸು ಗಟ್ಟಿ ಮಾಡಿ ಕೂತ್ಕೊಳ್ಳಿ."

ಎರಡು ನಾಲ್ಕಾಯಿತು, ನಾಲ್ಕು ಆರಾಯಿತು. ಏಪ್ರಿಲಿನ ಒಂದು ಸಂಜೆ ಕುರ್ಚಿಯ ಕೆಳಗೆ ನೀರು ಹರಿಯಿತು. ಪರದೆಯ ಹಿಂದೆ ನನಗೆ ಮೊದಲು ಕಂಡಿತು. ಗಂಡನಿಗೆ ವಾಸನೆ ಬಂದಿರಬೇಕು. ಟಿವಿಯಿಂದ ಕಣ್ಣು ತೆಗೆಯದೆ ಸೋಫಾದ ಬೆನ್ನಿನ ಮೇಲಿದ್ದ, ಮೈ ಒರೆಸುವ ಬೈರಾಸನ್ನು ಎಳೆದು ಅಪ್ಪನ ಕಾಲಬುಡಕ್ಕೆ ಎಸೆದ. ಮಾವ ಒದ್ದೆ ಲುಂಗಿಯಲ್ಲಿ ಇನ್ನೂ ಒಂಬತ್ತು ಓವರ್ ಕೂತರು. ತಂಡ ಗೆದ್ದಿತು. ಮೈದುನ ಮೂಗು ಮುಚ್ಚಿಕೊಂಡೇ ಅಪ್ಪನ ಬೆನ್ನು ತಟ್ಟಿದ. ಆಮೇಲೆ ಇಬ್ಬರೂ ಅಂಗಳಕ್ಕೆ ಹೋದರು, ಹೋಗುವಾಗ ಗಂಡ ನನಗೆ ಹೇಳಿದ: "ಇನ್ನು ಬರ್ಬಹುದು. ಸ್ವಲ್ಪ ಒರೆಸು."

ನಾನು ಬಕೆಟ್ಟು, ಫಿನಾಯಿಲು ತೆಗೆದುಕೊಂಡು ಚಾವಡಿಗೆ ಬಂದೆ. ಮಾವ ಗೋಡೆ ನೋಡುತ್ತಿದ್ದರು. ಅವರ ಪಾದಗಳನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಇಳಿಸಿದೆ. ಎದ್ದು ನಿಂತು ಬಟ್ಟೆ ಹಿಂಡುತ್ತ ಕೇಳಿದೆ:

"ಕಾಲ್ಗುಣ ಯಾರದ್ದು ಅಂತ ಈಗ ಗೊತ್ತಾಯ್ತಾ ಮಾವ?"

ಆ ವಾಕ್ಯವನ್ನು ನಾನು ಒರೆಸುವಾಗ ಹೊಳೆದು ಹೇಳಿದ್ದಲ್ಲ. ತಿಂಗಳುಗಳಿಂದ ಸಿದ್ಧವಾಗಿಟ್ಟುಕೊಂಡಿದ್ದೆ, ಸಮಯ ಸಿಕ್ಕಿರಲಿಲ್ಲ ಅಷ್ಟೆ. ಅಂದು ನನಗೆ ಚೆನ್ನಾಗಿ ಹಸಿವಾಯಿತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ದೇಶದೇಶಗಳ ನಡುವಿನ ದೊಡ್ಡ ಪಂದ್ಯಾವಳಿ ಬಂತು. ಒಂದು ಭಾನುವಾರ ಮಧ್ಯಾಹ್ನ ನಮ್ಮ ತಂಡಕ್ಕೆ ಗೆಲ್ಲಲೇಬೇಕಾದ ಪಂದ್ಯ. ಬೆಳಗ್ಗಿನಿಂದ ಮಾವನಿಗೆ ಮೂತ್ರವೇ ಹೋಗಿರಲಿಲ್ಲ. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಬಾತ್‌ರೂಮಿಗೆ ಹೋಗಿ ಬರುವಾಗಲೆಲ್ಲ ಗೋಡೆ ಹಿಡಿದು ನಿಲ್ಲುವುದನ್ನು ನೋಡಿ ನನಗೆ ಗೊತ್ತಾಗಿತ್ತು. ಮೊದಲ ಇನ್ನಿಂಗ್ಸು ಮುಗಿದಾಗ ಮಕ್ಕಳು ಅವರನ್ನು ಎಬ್ಬಿಸಿ ಕರೆದೊಯ್ದರು. ಕಾಲು ಗಂಟೆ ಒಳಗಿದ್ದು ಬಂದು, "ಬರುದೇ ಇಲ್ಲ ಮಗ" ಎಂದರು.

"ಬರುದಿಲ್ಲ ಅಂದ್ರೆ ಇಲ್ಲ ಅಂತ ಅರ್ಥ" ಎಂದ ಮೈದುನ. "ಒಳ್ಳೇದಾಯ್ತು, ಇನ್ನು ಆರಾಮಲ್ಲಿ ಕೂತ್ಕೊಳ್ಳಿ."

ಎರಡನೆಯ ಇನ್ನಿಂಗ್ಸು ಶುರುವಾಗಿ ಒಂದು ಗಂಟೆಯಾಗಿರಬೇಕು. ನಾನು ಅಡಿಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದೆ. ಚಾವಡಿಯಿಂದ ನರಳುವ ಸದ್ದು ಬರುತ್ತಿತ್ತು, ಟಿವಿಯ ಗದ್ದಲದ ಅಡಿಯಲ್ಲಿ, ದೂರದಲ್ಲಿ ಯಾವುದೋ ಇಂಜಿನ್ ಕೆಟ್ಟು ನಿಂತ ಹಾಗೆ.

"ಮಗ, ಆಸ್ಪತ್ರೆಗೆ ಹೋಗುವ."

"ಹೋಗುವ ಅಪ್ಪ, ಖಂಡಿತ ಹೋಗುವ. ಏಳ್ಬೇಡಿ, ಇನ್ನು ಆರೇ ಓವರ್."

"ಹೊಟ್ಟೆ ಒಡೀತದೆ ಮಾರಾಯ."

"ಆರು ಓವರ್ ಅಂದ್ರೆ ಎಷ್ಟು? ಅರ್ಧ ಗಂಟೆ ಇಲ್ಲ. ನೀವು ಎದ್ರೆ ಎಲ್ಲ ಹಾಳಾಗ್ತದೆ."

ಮತ್ತೆ ಮಾವನ ಸ್ವರ ಕೇಳಿತು. ಈ ಸಲ ಅದು ಅಡಿಗೆಮನೆಯ ಕಡೆಗಿತ್ತು.

"ಮಗಳೇ... ನೀನೊಮ್ಮೆ ಒಳಗೆ ಬಾ."

ನನ್ನನ್ನು ಅವರು ಮಗಳೆಂದು ಕರೆದದ್ದು ಅದೇ ಮೊದಲು. ಯಾಕೆ ಕರೆದರೆಂದು ತಕ್ಷಣ ತಿಳಿಯಿತು. ಕೈ ಹಿಡಿದು ಎಬ್ಬಿಸಲೆಂದಲ್ಲ. ಮಕ್ಕಳು ಇರುವಾಗ ಅದು ನನ್ನಿಂದ ಆಗದೆಂದು ಅವರಿಗೂ ಗೊತ್ತಿತ್ತು. ನಾನು ಒಳಗೆ ಕಾಲಿಟ್ಟರೆ ವಿಕೆಟ್ ಬೀಳಬೇಕು, ಒಂದರ ಮೇಲೊಂದು ಬೀಳಬೇಕು, ತಂಡ ಸೋಲಬೇಕು, ಪಂದ್ಯ ಮುಗಿಯಬೇಕು. ತಮಾಷೆಗೆ ಹುಟ್ಟಿಸಿದ ನನ್ನ ಶಕುನದಲ್ಲಿ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿಕೆ ಅಂದು ಅವರಿಗೇ ಬಂದಿತ್ತು.

ನಾನು ಮೀನಿನ ಕೈ ತೊಳೆದೆ. ಸೋಪು ಹಾಕಿ, ಉಗುರಿನ ಸಂದಿ ಬಿಡಿಸಿ, ಎರಡು ಸಲ ತೊಳೆದೆ. ಪರದೆ ಸರಿಸಿ ಹೊಸಿಲಿನ ಈಚೆ ನಿಂತೆ.

"ನಾನು ಬರ್ಬಾರ್ದಲ್ಲ ಮಾವ" ಎಂದೆ. "ನೀವೇ ಹೇಳಿದ್ದಲ್ವಾ?"

"ಏಯ್, ಅಲ್ಲೇ ನಿಲ್ಲು!" ಗಂಡ ತಿರುಗದೆ ಕಿರುಚಿದ. "ಒಳಗೆ ಕಾಲು ಹಾಕಿದ್ರೆ ಜಾಗ್ರತೆ!"

ಮಾವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹಣೆಯ ಬೆವರು ಹುಬ್ಬಿನಿಂದ ಕಣ್ಣಿಗಿಳಿಯುತ್ತಿತ್ತು. ಲುಂಗಿಯ ಮೇಲೆ ಹೊಟ್ಟೆಯ ಕೆಳಭಾಗ ಉಬ್ಬಿ ನಿಂತಿತ್ತು. ನಾನು ನೋಡಿದೆ, ಏನದು ಎಂದು ಅರ್ಥಮಾಡಿಕೊಂಡೆ.

"ಕೈ ಮುಗೀತೇನೆ" ಎಂದರು. ನಿಜಕ್ಕೂ ಮುಗಿದರು. "ತಪ್ಪಾಯ್ತು. ಬಾ."

ಆ ಎರಡು ಮಾತಿಗೆ ನಾನು ಮೂರು ವರ್ಷ ಕಾದಿದ್ದೆ. ಸಿಕ್ಕಿದ ಮೇಲೆ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲ ದಾರಂದಕ್ಕೆ ಒರಗಿ ನಿಂತೆ. ಇನ್ನೊಮ್ಮೆ ಕೇಳಲಿ ಎಂದು. ಅವರು ಇನ್ನೊಮ್ಮೆ ಕೇಳಿದರು. ಮತ್ತೊಮ್ಮೆ ಕೇಳಲಿ ಎಂದುಕೊಂಡೆ. ಟಿವಿಯಲ್ಲಿ ಎರಡು ಓವರ್ ಕಳೆಯಿತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೊಸಿಲು ದಾಟಿದೆ.

ವಿಕೆಟ್ ಬೀಳಲಿಲ್ಲ. ಅದೇ ಚೆಂಡು ಆಕಾಶಕ್ಕೆ ಹೋಗಿ ಜನರ ನಡುವೆ ಬಿತ್ತು. ಸಿಕ್ಸ್.

ಗಂಡ ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು. ಮುಂದಿನ ಚೆಂಡೂ ಗಡಿ ದಾಟಿತು. ಮೈದುನ ಸೋಫಾದ ತುದಿಗೆ ಜಾರಿ ನನ್ನತ್ತ ಎರಡೂ ಕೈ ಚಾಚಿದ.

"ನಿಲ್ಲಿ ಅತ್ತಿಗೆ! ಅಲ್ಲೇ ನಿಲ್ಲಿ, ಹಂದಾಡ್ಬೇಡಿ! ನಿಮ್ಮ ಕಾಲಿಗೆ ಬೀಳ್ತೇನೆ, ಹಂದಾಡ್ಬೇಡಿ!"

ನಾನು ನಿಂತೆ.

ಈ ಜಾಗದಲ್ಲಿ ಬೇರೆ ಏನಾದರೂ ಬರೆಯಬಹುದೇ ಎಂದು ಬಹಳ ಯೋಚಿಸಿದ್ದೇನೆ. ಹೆದರಿ ನಿಂತೆ ಎಂದು, ಏನೂ ತೋಚದೆ ನಿಂತೆ ಎಂದು. ಎರಡೂ ಸುಳ್ಳು. ಮೂರು ವರ್ಷದಲ್ಲಿ ಮೊದಲ ಸಲ ಆ ಚಾವಡಿಯಲ್ಲಿ ಇಬ್ಬರು ಗಂಡಸರು ನನ್ನನ್ನು ಇರು ಎಂದು ಬೇಡುತ್ತಿದ್ದರು. ಗಂಡ ನನ್ನನ್ನು ನೋಡಿ ನಗುತ್ತಿದ್ದ. ಮದುವೆಯ ಫೋಟೋದಲ್ಲಿ ಮಾತ್ರ ಕಂಡ ನಗು ಅದು. ನನಗೆ ಖುಷಿಯಾಗುತ್ತಿತ್ತು. ನನ್ನಿಂದ ಮೂರು ಹೆಜ್ಜೆ ದೂರದಲ್ಲಿ ಮಾವ ಕುರ್ಚಿಯ ಕೈಯನ್ನು ಹಲ್ಲುಕಚ್ಚಿ ಹಿಡಿದಿದ್ದರು. ನಾನು ಅವರತ್ತ ತಿರುಗಲಿಲ್ಲ, ಏಕೆಂದರೆ ಹಂದಾಡಬಾರದಿತ್ತು. ನಾಲ್ಕು ಓವರ್ ನಿಂತೆ. ಕೊನೆಯ ಓವರಿನಲ್ಲಿ ನಾನೂ ಎಣಿಸುತ್ತಿದ್ದೆ: ಆರು ಚೆಂಡಿಗೆ ಎಂಟು ರನ್, ನಾಲ್ಕಕ್ಕೆ ಮೂರು.

ಗೆದ್ದರು. ಬೀದಿಯಲ್ಲಿ ಪಟಾಕಿ ಸಿಡಿಯಿತು. ಗಂಡ ನನ್ನ ಭುಜ ಹಿಡಿದು ಅಲುಗಾಡಿಸಿದ. ಮೈದುನ ಅಪ್ಪನನ್ನು ಎತ್ತಿ ಕುಣಿಸಲು ಹೋದವನು, ಅವರ ತಲೆ ಒಂದು ಬದಿಗೆ ವಾಲಿದ್ದನ್ನು ನೋಡಿ ನಿಂತ.

ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ತಕ್ಷಣ ಚೀಲ ತುಂಬಿತು, ನರ್ಸ್ ಖಾಲಿ ಮಾಡಿ ತಂದಳು, ಮತ್ತೆ ತುಂಬಿತು. ಡ್ಯೂಟಿ ಡಾಕ್ಟರ್ ಎಳೆಯ ಹೆಣ್ಣುಮಗಳು. ನಮ್ಮ ಮೂವರನ್ನೂ ಸಾಲಾಗಿ ನೋಡಿದಳು.

"ಎಷ್ಟು ಹೊತ್ತಿನಿಂದ ಹೀಗುಂಟು?"

"ಈಗ ಸ್ವಲ್ಪ ಹೊತ್ತಿಂದ ಮೇಡಂ" ಎಂದ ಗಂಡ. "ಗೊತ್ತಾದ ಕೂಡ್ಲೇ ಕರ್ಕೊಂಡು ಬಂದೆವು."

"ಮೊದಲು ತೊಂದರೆ ಇರ್ಲಿಲ್ವಾ? ಮನೆಯಲ್ಲಿ ಯಾರೂ ಗಮನಿಸ್ಲಿಲ್ವಾ?"

ಗಂಡ ನನ್ನ ಕಡೆ ನೋಡಿದ. ಮೈದುನ ನೆಲ ನೋಡಿದ. ನಾನು "ಇಲ್ಲ" ಎಂದೆ.

ಮಾವ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ.

ಕಿಡ್ನಿಗೆ ಪೆಟ್ಟಾಗಿತ್ತು. ಒಂದೇ ದಿನದ್ದಲ್ಲ, ತಿಂಗಳುಗಟ್ಟಲೆ ಮೂತ್ರ ಕಟ್ಟಿಕೊಂಡು ಹಿಂದಕ್ಕೆ ಒತ್ತಿ ಆದದ್ದು, ಆ ಭಾನುವಾರ ಅದನ್ನು ಪೂರ್ತಿ ಮಾಡಿತು ಎಂದು ದೊಡ್ಡ ಡಾಕ್ಟರು ವಿವರಿಸಿದರು. ಮೊದಲೇ ಬಂದಿದ್ದರೆ ಮಾತ್ರೆಯಲ್ಲಿ ಹೋಗುತ್ತಿತ್ತಂತೆ. ಆಮೇಲಿನ ರಕ್ತಪರೀಕ್ಷೆಗಳೆಲ್ಲ ನಮ್ಮ ಲ್ಯಾಬಿನಲ್ಲೇ ಆದವು. ವಾರಕ್ಕೊಮ್ಮೆ ನನ್ನ ಕೈಯಿಂದಲೇ ಅವರ ರಕ್ತ ತೆಗೆದು, ಮೆಷಿನ್ನಿಗೆ ಹಾಕಿ, ಏರುತ್ತಿದ್ದ ಅಂಕಿಗಳನ್ನು ನಾನೇ ಪ್ರಿಂಟ್ ತೆಗೆದೆ.

ಟ್ಯೂಬಿನೊಂದಿಗೇ ಮನೆಗೆ ಕಳಿಸಿದರು. ಚೀಲವನ್ನು ಎಲ್ಲಿ ತೂಗುಹಾಕುವುದೆಂದು ನೋಡುತ್ತ ಗಂಡ ನಿಜವಾದ ಸಮಾಧಾನದಿಂದ ಹೇಳಿದ: "ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು ಮಾರಾಯ್ತಿ. ಇನ್ನು ಅಪ್ಪನಿಗೆ ಏಳುವ ತಾಪತ್ರಯ ಇಲ್ಲ." ಅವನು ಕ್ರೂರಿಯಲ್ಲ. ಕ್ರೂರಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರುತ್ತದೆ. ಆ ಅರ್ಥದಲ್ಲಿ ಆ ಮನೆಯಲ್ಲಿ ಕ್ರೂರಿ ಎಂದರೆ ನಾನೊಬ್ಬಳೇ.

ಅಲ್ಲಿಂದ ನನ್ನ ದಿನಗಳು ಬದಲಾದವು. ಪಂದ್ಯವಿದ್ದಾಗ ಗಂಡ ಫೋನ್ ಮಾಡಿ, "ಬೇಗ ಬಾ, ಟಾಸ್ ಆಯ್ತು" ಎನ್ನುತ್ತಿದ್ದ. ನನಗೆ ಒಂದು ಜಾಗವಾಯಿತು, ಹೊಸಿಲಿನ ಒಳಗೆ ಎರಡು ಹೆಜ್ಜೆ. ಮೊದಲು ನಿಂತೇ ಇರಬೇಕಿತ್ತು, ಆಮೇಲೆ ಸ್ಟೂಲಿಗೆ ಒಪ್ಪಿಗೆ ಸಿಕ್ಕಿತು. ಬಾಯಮ್ಮ ಒಂದು ದಿನ ಬೇಲಿಯಾಚೆಯಿಂದ, "ಈಗ ನೀನು ಬರುದೇ ಇಲ್ಲ" ಎಂದರು. ನಾನು ಆಟ ಕಲಿತೆ. ಯಾರು ಯಾವ ಚೆಂಡಿಗೆ ತಡಬಡಿಸುತ್ತಾರೆ, ಯಾವ ಪಿಚ್ಚು ಸಂಜೆಗೆ ತಿರುಗುತ್ತದೆ, ಎಲ್ಲ ಬಂತು. ಕಿಟಕಿಯ ಬಳಿ ಮಾವ, ಬಾಗಿಲ ಬಳಿ ನಾನು. ಅವರು ಟಿವಿ ನೋಡುತ್ತಿರಲಿಲ್ಲ. ಕಿಟಕಿಯ ಸರಳಿಗೆ ಕಟ್ಟಿದ ಚೀಲದಲ್ಲಿ ಹಳದಿ ಗೆರೆ ಎಲ್ಲಿಗೆ ಬಂತೆಂದು ನೋಡುತ್ತ ಕೂರುತ್ತಿದ್ದರು.

ನಾಲ್ಕು ತಿಂಗಳಿಗೆ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಎರಡು ದಿನ ಬೆಳಿಗ್ಗೆ. ಮಕ್ಕಳಿಗೆ ಕೆಲಸವಿತ್ತು. ನಾನು ಲ್ಯಾಬಿನಲ್ಲಿ ಶಿಫ್ಟ್ ಬದಲಿಸಿಕೊಂಡು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಪಶ್ಚಾತ್ತಾಪದಿಂದ ಎಂದು ಯಾರಾದರೂ ತಿಳಿದರೆ ಬೇಡ ಎನ್ನುವುದಿಲ್ಲ. ನನಗೆ ಮಾತ್ರ ಖಚಿತವಿಲ್ಲ. ಆಟೋದಲ್ಲಿ ನಾವು ಒಂದೊಂದು ತುದಿಗೆ ಕೂರುತ್ತಿದ್ದೆವು. ತಿರುವಿನಲ್ಲಿ ಅವರ ಮೈ ನನ್ನ ಮೇಲೆ ವಾಲಿದರೆ, ನೆಟ್ಟಗಾಗಲು ತುಂಬ ಕಷ್ಟಪಡುತ್ತಿದ್ದರು.

ಡಯಾಲಿಸಿಸ್ ಎಂದರೆ ನಾಲ್ಕು ಗಂಟೆ ಒಂದೇ ಭಂಗಿ. ಒಂದು ಬೆಳಿಗ್ಗೆ, ಸೂಜಿ ಚುಚ್ಚಿ ನರ್ಸ್ ಆಚೆ ಹೋದ ಮೇಲೆ, ಅವರು ಚಾವಣಿ ನೋಡುತ್ತಲೇ ಕೇಳಿದರು.

"ಆ ದಿನ ನೀನು ಬೇಗ ಬರ್ಬಹುದಿತ್ತು."

"ಹೌದು."

"ಯಾಕೆ ಬರ್ಲಿಲ್ಲ?"

ಮೆಷಿನ್ನಿನ ಚಕ್ರ ತಿರುಗುತ್ತಿತ್ತು. ಅವರ ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಸುತ್ತಿ, ಒಳಗೆ ಹೋಗುತ್ತಿತ್ತು.

"ನಿಮಗೆ ನೋವಾಗ್ಲಿ ಅಂತ" ಎಂದೆ.

ಅವರು ತಲೆಯಾಡಿಸಿದರು. "ನಾನು ಆ ಮಾತು ಹೇಳಿದ್ದು ತಮಾಷೆಗೆ" ಎಂದರು. "ಹೊಸ ಹುಡುಗಿ, ನಗ್ಲಿ ಅಂತ. ಇವರು ಅದನ್ನು ಹಿಡ್ಕೊಂಡು ಕೂರ್ತಾರೆ ಅಂತ ಗೊತ್ತಿರ್ಲಿಲ್ಲ."

"ತಮಾಷೆಗೆ ಅಂತ ನನಗೆ ಆವತ್ತೇ ಗೊತ್ತಿತ್ತು ಮಾವ."

ಆಗ ಅವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೋಟಿನಲ್ಲಿ ಜೊತೆಗೆ ಹೋಗುವವನನ್ನು ಇವನು ಎಂಥವನು ಎಂದು ಅಳೆಯುವಾಗ ಹೀಗೇ ನೋಡುತ್ತಿದ್ದರೇನೋ. "ನೀರು ಉಂಟಾ?" ಎಂದರು. ಡಾಕ್ಟರು ಇಷ್ಟೇ ಎಂದು ಅಳತೆ ಕೊಟ್ಟಿದ್ದರು. ಆ ಅಳತೆಯಷ್ಟೇ ಕೊಟ್ಟೆ, ಒಂದು ಗುಟುಕೂ ಹೆಚ್ಚು ಕೊಡಲಿಲ್ಲ.

ಆ ಭಾನುವಾರದ ಮೇಲೆ ಹನ್ನೊಂದು ತಿಂಗಳು ಬದುಕಿದರು. ಒಂದು ಬುಧವಾರ ಬೆಳಿಗ್ಗೆ, ಆಟೋ ಬಂದು ಗೇಟಿನ ಹೊರಗೆ ಹಾರ್ನ್ ಹಾಕುತ್ತಿರುವಾಗ, ನಾನು ಅವರಿಗೆ ಶರ್ಟು ತೊಡಿಸುತ್ತಿದ್ದೆ. ಒಂದು ತೋಳು ಹಾಕಿಯಾಗಿತ್ತು. ಇನ್ನೊಂದು ತೋಳು ಹಾಕಲು ಕೈ ಎತ್ತಿದಾಗ ಆ ಕೈ ನನ್ನ ಕೈಯಲ್ಲಿ ಭಾರವಾಯಿತು. ಮಕ್ಕಳಿಬ್ಬರೂ ಎದೆ ಬಡಿದುಕೊಂಡು ಅತ್ತರು. ನಾಟಕವಲ್ಲ. ಅಪ್ಪನ ಮೇಲೆ ಅವರಿಗೆ ಪ್ರೀತಿಯಿತ್ತು. ಎಲ್ಲ ವಿಧಿಗಳನ್ನೂ ಚೆನ್ನಾಗಿ ಮಾಡಿದರು, ಉತ್ತರಕ್ರಿಯೆಯ ಬೊಜ್ಜದ ದಿನ ಊರಿಡೀ ಊಟಕ್ಕೆ ಬಂತು. ಬಂದವರೆಲ್ಲ ನನ್ನ ಕೈ ಹಿಡಿದು ಹೇಳಿದರು: "ಸ್ವಂತ ಮಗಳು ಕೂಡಾ ಹೀಗೆ ನೋಡ್ಲಿಕ್ಕಿಲ್ಲ." ನಾನು ತಲೆ ತಗ್ಗಿಸಿದೆ. ಸಂಕೋಚ ಎಂದುಕೊಂಡರು.

ಆ ತಿಂಗಳು ಕಳೆದು ಮತ್ತೆ ಟಿವಿ ಹಾಕಿದ ಸಂಜೆ, ಗಂಡ ಸ್ಟೂಲನ್ನು ಎಳೆದಿಟ್ಟು "ಬಾ" ಎಂದ. ನಾನು ಬಟ್ಟೆ ತುಂಬಿದ ಬ್ಯಾಗು ಹಿಡಿದುಕೊಂಡು ಅವನ ಮತ್ತು ಟಿವಿಯ ನಡುವೆ ಹಾದು ಹೊರಗೆ ಹೋದೆ. ಆಗ ಯಾರು ಔಟಾದರು, ಯಾರು ಉಳಿದರು ಎಂದು ನನಗೆ ಗೊತ್ತಿಲ್ಲ.

ಈಗ ತೊಕ್ಕೊಟ್ಟಿನಲ್ಲಿ ತಾಯಿಯ ಜೊತೆ ಇದ್ದೇನೆ. ಕಾಗದದ ಮೇಲೆ ನಾವು ಬೇರೆಯಾಗಿಲ್ಲ. ಪಂದ್ಯವಿಲ್ಲದ ಭಾನುವಾರ ಗಂಡ ಬರುತ್ತಾನೆ, ಹಣ್ಣು ತರುತ್ತಾನೆ. ನಮ್ಮ ಮನೆಯಲ್ಲಿ ಟಿವಿ ಇಲ್ಲ. ಅವನು ತಾಯಿಯ ಎದುರು ಕೂತು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಎದುರಿನ ಖಾಲಿ ಗೋಡೆಯನ್ನು ನೋಡುತ್ತಾನೆ. ಮಾತಾಡಲು ಅವನಿಗೆ ಏನೂ ಗೊತ್ತಿಲ್ಲ ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮೊನ್ನೆ ಬಂದಾಗ ಹತ್ತು ನಿಮಿಷ ಹಾಗೆ ಕೂತು, ಮೊಬೈಲ್ ಹೊರತೆಗೆದು, ಮೆಲ್ಲಗೆ ಕೇಳಿದ:

"ಇಲ್ಲಿ ರೇಂಜ್ ಸಿಗುದಿಲ್ಲ. ನಿಮ್ಮಲ್ಲಿ ವೈಫೈ ಉಂಟಾ?"

ಉಂಟು. ಹೋದ ತಿಂಗಳಷ್ಟೆ ಹಾಕಿಸಿದ್ದೇನೆ.

"ಇಲ್ಲ" ಎಂದೆ.